ಹಗುರ ಚಕ್ರ ಹಾಕಿಸಿದರೆ ಸ್ಪೋರ್ಟ್ಸ್ ಕಾರಿಗೆ ಎಷ್ಟು ಲಾಭ?

ಓದುಗರ ಪ್ರಶ್ನೆ: ಸ್ಪೋರ್ಟ್ಸ್ ಕಾರಿಗೆ ಕಂಪನಿಯಿಂದ ಬಂದ ಅಲಾಯ್ ಚಕ್ರಗಳನ್ನು ತೆಗೆಸಿ ಹಗುರವಾದ ಫೋರ್ಜ್ಡ್ (ಎರಕ ಹೊಯ್ಯದೆ, ಲೋಹವನ್ನು ಒತ್ತಿ ರೂಪಿಸಿದ) ಚಕ್ರಗಳನ್ನು ಹಾಕಿಸಿದರೆ ಓಟದಲ್ಲಿ ನಿಜವಾಗಿ ವ್ಯತ್ಯಾಸ ಕಾಣುತ್ತದೆಯೇ? ಚಕ್ರದಲ್ಲಿ ಒಂದು ಕಿಲೋ ಇಳಿಸುವುದು ಕಾರಿನ ಮೈಯಲ್ಲಿ ನಾಲ್ಕು ಕಿಲೋ ಇಳಿಸಿದ್ದಕ್ಕೆ ಸಮ ಎನ್ನುತ್ತಾರೆ. ಅಷ್ಟು ಹಣ ಕೊಡುವುದು ಸಾರ್ಥಕವೇ?

ಉತ್ತರ: ಲಾಭವಿದೆ, ಆದರೆ ಬಹಳಷ್ಟು ಜನ ಅದನ್ನು ಹುಡುಕುವ ಜಾಗವೇ ಬೇರೆ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗ ಮುಟ್ಟುವ ಸಮಯದಲ್ಲಿ ಹುಡುಕಿದವರಿಗೆ ನಿರಾಸೆಯಾಗುತ್ತದೆ; ಉಬ್ಬುತಗ್ಗಿನ ತಿರುವಿನಲ್ಲಿ ಟೈರು ನೆಲವನ್ನು ಬಿಡದೆ ಹಿಡಿದುಕೊಳ್ಳುವ ರೀತಿಯಲ್ಲಿ ಹುಡುಕಿದವರಿಗೆ ಅದು ಸಿಗುತ್ತದೆ. ‘ಒಂದಕ್ಕೆ ನಾಲ್ಕು’ ಎಂಬ ಮಾತನ್ನು ಮೊದಲು ಲೆಕ್ಕಕ್ಕೆ ಹಚ್ಚಿ ನೋಡಬೇಕು, ಏಕೆಂದರೆ ಹಣ ಬಿಚ್ಚುವ ನಿರ್ಧಾರ ಹೆಚ್ಚಾಗಿ ಆ ಮಾತಿನ ಮೇಲೆಯೇ ನಿಂತಿರುತ್ತದೆ.

ಓಡುವ ಕಾರಿನಲ್ಲಿ ಸೀಟು, ಬಾಗಿಲು, ಬಾನೆಟ್ ಎಲ್ಲವೂ ಮುಂದಕ್ಕೆ ಸಾಗಿದರೆ ಸಾಕು. ಚಕ್ರ ಮಾತ್ರ ಮುಂದಕ್ಕೆ ಸಾಗುತ್ತಲೇ ತನ್ನ ಅಚ್ಚಿನ ಸುತ್ತ ತಿರುಗಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಚಕ್ರದ ಪ್ರತಿ ಕಿಲೋಗೂ ಎಂಜಿನ್ ಎರಡು ಬಗೆಯ ಚಲನಶಕ್ತಿಯನ್ನು ಒದಗಿಸಬೇಕಾಗುತ್ತದೆ. ಈ ಎರಡನೆಯ ಪಾಲು ಎಷ್ಟೆಂಬುದು ಆ ತೂಕ ಅಚ್ಚಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ. ನೆಲವನ್ನು ಮುಟ್ಟುವ ಟೈರಿನ ಹೊರಮೈ ಅಚ್ಚಿನ ಸುತ್ತ ಕಾರಿನ ವೇಗದಲ್ಲಿಯೇ ತಿರುಗುವುದರಿಂದ ಅಲ್ಲಿರುವ ಒಂದು ಕಿಲೋ ಎರಡು ಕಿಲೋದಂತೆ ವರ್ತಿಸುತ್ತದೆ. ನೇರ ಓಟದ ಮಟ್ಟಿಗೆ ಅದೇ ಗರಿಷ್ಠ ಮಿತಿ. ಚಕ್ರದ ಅಂಚು ಟೈರಿನ ಹೊರಮೈಗಿಂತ ಒಳಗಿರುತ್ತದೆ, ಅದರ ಕಡ್ಡಿಗಳು ಇನ್ನೂ ಒಳಗಿರುತ್ತವೆ. ಹೀಗಾಗಿ ಚಕ್ರಕ್ಕೆ ಆ ಮಿತಿಯನ್ನು ಮುಟ್ಟುವುದೂ ಸಾಧ್ಯವಿಲ್ಲ, ನಾಲ್ಕಂತೂ ದೂರದ ಮಾತು.

ಉದಾಹರಣೆಗೆ ಟೊಯೊಟಾ ಜಿಆರ್86 ಕಾರನ್ನು ತೆಗೆದುಕೊಳ್ಳೋಣ. ಇದು ಭಾರತದಲ್ಲಿ ಮಾರಾಟಕ್ಕಿಲ್ಲದಿದ್ದರೂ ಜಪಾನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಚಕ್ರ ಬದಲಿಸುವ ಹವ್ಯಾಸಿಗಳ ಅಚ್ಚುಮೆಚ್ಚಿನ ಕಾರು. ಚಾಲಕನೂ ಸೇರಿ ತೂಕ ಸುಮಾರು 1,350 ಕಿಲೋ. 18 ಇಂಚಿನ ಚಕ್ರ, 215/40 ಅಳತೆಯ ಟೈರು. ಚಕ್ರದ ಅಂಚಿನ ತ್ರಿಜ್ಯ ಸುಮಾರು 23 ಸೆಂಟಿಮೀಟರ್, ಟೈರಿನ ಹೊರ ತ್ರಿಜ್ಯ ಸುಮಾರು 31.5 ಸೆಂಟಿಮೀಟರ್. 10 ಕಿಲೋ ತೂಗುವ ಚಕ್ರದ ಬದಲು 7.5 ಕಿಲೋದ ಚಕ್ರ ಹಾಕಿದೆವು ಎಂದಿಟ್ಟುಕೊಂಡರೆ ನಾಲ್ಕಕ್ಕೂ ಸೇರಿ 10 ಕಿಲೋ ಉಳಿಯಿತು. ಆ ಉಳಿತಾಯವೆಲ್ಲ ಅಂಚಿನಲ್ಲಿಯೇ ಆಯಿತೆಂದು ಉದಾರವಾಗಿ ಭಾವಿಸಿದರೂ ಅದು 15 ಕಿಲೋ ಇಳಿಸಿದ್ದಕ್ಕೆ ಸಮ; ಕಡ್ಡಿಗಳಿಂದಲೂ ಸ್ವಲ್ಪ ಇಳಿದಿರುತ್ತದೆಯಾದ್ದರಿಂದ 14 ಕಿಲೋ ಎನ್ನುವುದು ಹೆಚ್ಚು ನ್ಯಾಯವಾದ ಅಂಕಿ. ಅಂದರೆ ಒಂದಕ್ಕೆ ನಾಲ್ಕಲ್ಲ, ಸುಮಾರು ಒಂದೂವರೆಯೊಳಗೆ. 1,350 ಕಿಲೋದಲ್ಲಿ ಇದು ಶೇಕಡಾ ಒಂದರಷ್ಟು. ಮ್ಯಾನುಯಲ್ ಗೇರಿನ ಜಿಆರ್86 ನೂರರ ವೇಗ ಮುಟ್ಟಲು 6.3 ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಟೊಯೊಟಾ ಹೇಳುತ್ತದೆ. ಹಗುರ ಚಕ್ರದಿಂದ ಅದರಲ್ಲಿ ಉಳಿಯುವುದು ಸೆಕೆಂಡಿನ ನೂರನೇ ಆರು ಭಾಗದಷ್ಟು. ಒಬ್ಬನೇ ಚಾಲಕ ಒಂದೇ ಕಾರಿನಲ್ಲಿ ಎರಡು ಸಲ ಗೇರು ಬದಲಿಸುವಾಗ ಆಗುವ ಏರುಪೇರು ಇದಕ್ಕಿಂತ ಹೆಚ್ಚು.

ನಾಲ್ಕು, ಎಂಟು ಎಂಬ ದೊಡ್ಡ ಅಂಕಿಗಳು ಹುಟ್ಟಿದ್ದು ಫ್ಲೈವೀಲಿನ ಲೆಕ್ಕವನ್ನು ಚಕ್ರಕ್ಕೆ ಅಂಟಿಸಿದ್ದರಿಂದ ಇರಬೇಕು ಎಂಬುದು ನನ್ನ ಊಹೆ. ಎಂಜಿನ್ನಿಗೆ ಜೋಡಿಸಿರುವ ಭಾರದ ಗಾಲಿಯಾದ ಫ್ಲೈವೀಲು ಎಂಜಿನ್ನಿನ ವೇಗದಲ್ಲಿ ತಿರುಗುತ್ತದೆ, ಅದರ ಪರಿಣಾಮ ಗೇರಿನ ಅನುಪಾತದ ವರ್ಗದಷ್ಟು ಹೆಚ್ಚುತ್ತದೆ. ಜಿಆರ್86ರ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 15 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಆ ಸ್ಥಿತಿಯಲ್ಲಿ ಫ್ಲೈವೀಲಿನ ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿರುವ ಒಂದು ಕಿಲೋ, ಕಾರಿನ ಮೈಯಲ್ಲಿ 20 ಕಿಲೋಗೂ ಮಿಕ್ಕಿದ ಭಾರದಂತೆ ಎಳೆಯುತ್ತದೆ. ಚಕ್ರಕ್ಕೂ ನೆಲಕ್ಕೂ ನಡುವೆ ಗೇರು ಇಲ್ಲ. ಹಾಗಾಗಿ ಅಂಥ ಗುಣಾಕಾರಕ್ಕೆ ಅಲ್ಲಿ ಅವಕಾಶವೂ ಇಲ್ಲ.

ಇಷ್ಟು ಓದಿ ಹಗುರ ಚಕ್ರವೆಂದರೆ ಬರೀ ಸೋಗು ಎಂದು ತೀರ್ಮಾನಿಸಬಾರದು. ಅದರ ನಿಜವಾದ ಕೆಲಸ ನಡೆಯುವುದು ಸಸ್ಪೆನ್ಷನ್ನಿನಲ್ಲಿ. ಕಾರಿನ ಮೈಯನ್ನು ಸ್ಪ್ರಿಂಗುಗಳು ಹೊತ್ತಿರುತ್ತವೆ. ಚಕ್ರ, ಟೈರು, ಬ್ರೇಕ್ ಡಿಸ್ಕ್, ಅದನ್ನು ಹಿಡಿದು ಒತ್ತುವ ಕ್ಯಾಲಿಪರ್, ಚಕ್ರ ಕೂರುವ ಹಬ್ ಇವುಗಳನ್ನು ಸ್ಪ್ರಿಂಗು ಹೊತ್ತಿರುವುದಿಲ್ಲ, ಅವು ರಸ್ತೆಯ ಪ್ರತಿ ಉಬ್ಬಿಗೂ ಕುಣಿಯಬೇಕು. ಹವ್ಯಾಸಿಗಳು ‘ಅನ್‌ಸ್ಪ್ರಂಗ್ ವೇಟ್’ ಎಂದು ಕರೆಯುವ ಈ ಭಾರ ಇಂಥ ಕಾರಿನ ಒಂದು ಮೂಲೆಯಲ್ಲಿ ಸುಮಾರು 40 ಕಿಲೋ ಇರುತ್ತದೆ ಎನ್ನೋಣ. ಇಡೀ ಕಾರಿನ ತೂಕದಲ್ಲಿ ಶೇಕಡಾ ಒಂದನ್ನೂ ಮುಟ್ಟದ ನಮ್ಮ 10 ಕಿಲೋ ಉಳಿತಾಯ ಇಲ್ಲಿ, ಮೂಲೆಗೆ 2.5 ಕಿಲೋದಂತೆ, ಶೇಕಡಾ 6ನ್ನು ದಾಟುತ್ತದೆ. ಚಕ್ರವು ಉಬ್ಬನ್ನು ಹತ್ತಿ ಇಳಿಯುವಾಗ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸಬೇಕಾದ ಜಡತ್ವ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಮತ್ತು ಟೈರಿನ ಮೇಲೆ ಬೀಳುವ ಭಾರದ ಏರಿಳಿತವೂ ತಗ್ಗುತ್ತದೆ. ಈ ಏರಿಳಿತ ಮುಖ್ಯವಾಗುವುದಕ್ಕೆ ಕಾರಣ ಟೈರಿನ ಸ್ವಭಾವ: ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಒಂದು ಕ್ಷಣ ಹೆಚ್ಚು ಭಾರ, ಮರುಕ್ಷಣ ಕಡಿಮೆ ಭಾರ ಬೀಳುವ ಟೈರು, ಸರಾಸರಿ ಭಾರ ಅಷ್ಟೇ ಇದ್ದರೂ, ಒಂದೇ ಸಮನೆ ಒತ್ತಿರುವ ಟೈರಿನಷ್ಟು ಹಿಡಿತ ಕೊಡಲಾರದು.

ಇದರಿಂದಲೇ ಇನ್ನೊಂದು ವಿಷಯವೂ ಹೊರಡುತ್ತದೆ. ನುಣುಪಾದ ಟ್ರ್ಯಾಕಿನಲ್ಲಿ ಹಗುರ ಚಕ್ರದ ಲಾಭ ಕಡಿಮೆ. ತಿರುವಿನ ನಡುವೆ ತೇಪೆ ಹಾಕಿದ ಡಾಂಬರು ಇರುವಲ್ಲಿ, ಅಂಚಿನ ಕರ್ಬನ್ನು ಹತ್ತಿ ಇಳಿಯುವಲ್ಲಿ ಅದು ಹೆಚ್ಚು. ಸ್ಟೀರಿಂಗ್ ತಿರುಗಿಸಿದೊಡನೆ ಮೂತಿ ಚುರುಕಾಗಿ ಹೊರಳುವುದನ್ನು ಚಾಲಕರು ಗುರುತಿಸುತ್ತಾರೆ, ಮತ್ತು ಸ್ಟಾಪ್‌ವಾಚಿನಲ್ಲಿ ಕಾಣದ ಈ ಅನುಭವಕ್ಕಾಗಿಯೇ ಹಣ ಕೊಟ್ಟವರನ್ನು ನಾನು ತಪ್ಪೆನ್ನಲಾರೆ. ಬ್ರೇಕಿನ ದೂರ ಮಾತ್ರ ಬಹುಮಟ್ಟಿಗೆ ಟೈರಿನ ಹಿಡಿತಕ್ಕೆ ಬಿಟ್ಟದ್ದು. ಅಲ್ಲಿ ದೊಡ್ಡ ನಿರೀಕ್ಷೆ ಬೇಡ.

ತಯಾರಕರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಫೋರ್ಡ್ ಕಂಪನಿಯ ಶೆಲ್ಬಿ ಜಿಟಿ350ಆರ್ ಮಸ್ಟ್ಯಾಂಗ್ ಒಳ್ಳೆಯ ಸಾಕ್ಷಿ. 2015ರಲ್ಲಿ ಪ್ರಕಟವಾದ ಈ ಕಾರಿಗೆ ಆಸ್ಟ್ರೇಲಿಯಾದ ಕಾರ್ಬನ್ ರೆವಲ್ಯೂಷನ್ ಕಂಪನಿ ಮಾಡಿದ ಕಾರ್ಬನ್ ಫೈಬರ್ ಚಕ್ರಗಳನ್ನೇ ಫೋರ್ಡ್ ಅಳವಡಿಸಿತು. ಅದೇ ಅಳತೆಯ ಅಲ್ಯೂಮಿನಿಯಂ ಚಕ್ರ ಸುಮಾರು 15 ಕಿಲೋ ತೂಗಿದರೆ ಇದು ಸುಮಾರು 8 ಕಿಲೋ. ಗಮನಿಸಬೇಕಾದದ್ದು ಮುಂದಿನ ಮಾತು: ಚಕ್ರ ಅಷ್ಟು ಹಗುರವಾದ ಮೇಲೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳನ್ನು ಫೋರ್ಡ್ ಎಂಜಿನಿಯರುಗಳು ಮತ್ತೆ ಹೊಂದಿಸಬೇಕಾಯಿತು. ಈಗಿನ ಪೋರ್ಶೆ 911 ಜಿಟಿ3 ಆರ್‌ಎಸ್‌ನಲ್ಲಿ ಫೋರ್ಜ್ಡ್ ಮೆಗ್ನೀಸಿಯಂ ಚಕ್ರಗಳು ಉಳಿಸುವುದು ಒಟ್ಟು 8 ಕಿಲೋ. ಅದಕ್ಕಾಗಿ ವೈಸಾಖ್ ಪ್ಯಾಕೇಜ್ ಎಂಬ ಹೆಚ್ಚುವರಿ ಭಾಗಗಳ ಕಟ್ಟಿನ ದುಬಾರಿ ಬೆಲೆಯನ್ನು ತೆರಬೇಕು. ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಬಿಡದ ಕಾರುಗಳ ಲೆಕ್ಕಾಚಾರ ಅದು, ನಮ್ಮ ನಿಮ್ಮ ಕಾರಿಗೆ ಅದೇ ತೂಕ ಅದೇ ಬೆಲೆಯಲ್ಲಿ ಬಾಳುವುದಿಲ್ಲ.

ಸರಿಯಾದ ಹೋಲಿಕೆ ಚಕ್ರಕ್ಕೂ ಟೈರಿಗೂ ಮಾಡಬೇಕಾದದ್ದು. ಹಳೆಯ ತಲೆಮಾರಿನ ಟೊಯೊಟಾ 86 ಕಾರಿಗೆ ಕಂಪನಿ ಹಾಕಿಕೊಡುತ್ತಿದ್ದುದು ಮಿಶೆಲಿನ್ ಪ್ರೈಮಸಿ ಎಚ್‌ಪಿ ಎಂಬ ಸೌಮ್ಯ ಟೈರು. ಅಂಥ ಟೈರಿನ ಜಾಗದಲ್ಲಿ ಟ್ರ್ಯಾಕಿಗೆಂದೇ ಮಾಡಿದ ಮೆದು ರಬ್ಬರಿನ ಟೈರು ಹಾಕಿದರೆ ಒಂದು ಸುತ್ತಿನಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಸಮಯ ಇಳಿಯುತ್ತದೆ. ಚಕ್ರ ಬದಲಿಸಿದರೆ ಇಳಿಯುವುದು ಹತ್ತನೇ ಭಾಗಗಳ ಲೆಕ್ಕದಲ್ಲಿ. ಒಳ್ಳೆಯ ಫೋರ್ಜ್ಡ್ ಚಕ್ರದ ಸೆಟ್ಟಿಗೆ ಕೊಡುವ ಹಣದಲ್ಲಿ ಅಂಥ ಟೈರಿನ ಒಂದಕ್ಕಿಂತ ಹೆಚ್ಚು ಸೆಟ್ ಬರುತ್ತದೆ. ಟೈರಿಗೂ ತೂಕವಿದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ನೆನಪಿಸುವುದಿಲ್ಲ. ಒಂದೇ ಅಳತೆಯ ಎರಡು ಕಂಪನಿಗಳ ಟೈರುಗಳ ನಡುವೆ ಒಂದು ಕಿಲೋಗೂ ಹೆಚ್ಚು ವ್ಯತ್ಯಾಸ ಇರಬಹುದು, ಮತ್ತು ಆ ತೂಕ ಅಚ್ಚಿನಿಂದ ಅತ್ಯಂತ ದೂರದಲ್ಲಿರುವುದರಿಂದ ಚಕ್ರದ ಒಂದು ಕಿಲೋಗಿಂತ ಅದರ ಪರಿಣಾಮ ದೊಡ್ಡದು.

ಇನ್ನೊಂದು ವಿಪರ್ಯಾಸವೂ ಉಂಟು. ಹಗುರ ಚಕ್ರ ಬೇಕೆಂದು ಹೋದವರು ಅಂದಕ್ಕೆ ಮಾರುಹೋಗಿ ಒಂದು ಇಂಚು ದೊಡ್ಡದನ್ನು ಹಾಕಿಸಿಕೊಂಡು ಬರುತ್ತಾರೆ. ಉಳಿಸಿದ ತೂಕವೆಲ್ಲ ಹಿಂತಿರುಗಿ, ಅದೂ ಅಚ್ಚಿನಿಂದ ದೂರ ಸರಿದು ಕೂರುತ್ತದೆ. ಅಮೆರಿಕದ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ 2010ರಲ್ಲಿ ಒಂದೇ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ 15ರಿಂದ 19 ಇಂಚಿನವರೆಗಿನ ಚಕ್ರಗಳನ್ನು ಹಾಕಿ ಪರೀಕ್ಷಿಸಿದಾಗ ಗಂಟೆಗೆ 60 ಮೈಲಿ ವೇಗ ಮುಟ್ಟುವ ಸಮಯ 7.6 ಸೆಕೆಂಡಿನಿಂದ 7.9 ಸೆಕೆಂಡಿಗೆ ಏರಿತು, ಇಂಧನದ ಮೈಲೇಜು ಸುಮಾರು ಶೇಕಡಾ 10ರಷ್ಟು ಇಳಿಯಿತು. ಬ್ರೇಕಿನ ಕ್ಯಾಲಿಪರಿಗೆ ತಾಗದಂತಿದ್ದರೆ ಒಂದು ಇಂಚು ಚಿಕ್ಕ ಚಕ್ರಕ್ಕೆ ಇಳಿಯುವುದೇ ಹಗುರವಾಗಲು ಅಗ್ಗದ ದಾರಿ. ಅದನ್ನು ಮಾಡುವವರು ವಿರಳ, ಏಕೆಂದರೆ ಕಾರು ನಿಂತಾಗ ಚಿಕ್ಕ ಚಕ್ರ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಚಕ್ರ ಹೇಗೆ ಹಗುರವಾಯಿತು ಎಂಬುದನ್ನು ಕೇಳಿಕೊಳ್ಳದೆ ಕೊಳ್ಳುವುದು ಅಪಾಯ. ಸಾಮಾನ್ಯ ಅಲಾಯ್ ಚಕ್ರವನ್ನು ಅಚ್ಚಿಗೆ ಎರಕ ಹೊಯ್ದು ಮಾಡುತ್ತಾರೆ. ಎರಕದ ಲೋಹದೊಳಗೆ ಸೂಕ್ಷ್ಮ ರಂಧ್ರಗಳು ಉಳಿಯುವ ಸಾಧ್ಯತೆ ಇರುವುದರಿಂದ ಬಲಕ್ಕಾಗಿ ದಪ್ಪ ಬಿಡಬೇಕಾಗುತ್ತದೆ. ಫ್ಲೋ ಫಾರ್ಮಿಂಗ್ ವಿಧಾನದಲ್ಲಿ ಎರಕದ ಚಕ್ರದ ಅಂಚನ್ನು ಬಿಸಿಯಲ್ಲಿ ತಿರುಗಿಸುತ್ತಾ ರೋಲರುಗಳಿಂದ ಒತ್ತಿ ಹಿಗ್ಗಿಸುತ್ತಾರೆ, ಅಂಚು ತೆಳುವೂ ಗಟ್ಟಿಯೂ ಆಗುತ್ತದೆ. ಬೆಲೆಗೆ ತಕ್ಕ ಪ್ರಯೋಜನ ಇದರಲ್ಲಿಯೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಫೋರ್ಜ್ಡ್ ಚಕ್ರವನ್ನು ಇಡಿಯ ಲೋಹದ ತುಂಡನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸುತ್ತಾರೆ. 1996ರಲ್ಲಿ ಬಂದ ಜಪಾನಿನ ರೇಯ್ಸ್ ಕಂಪನಿಯ ಟಿಇ37 ಈ ಬಗೆಯದು. ಹೆಸರಿನ 37 ಎಂಬುದು 15 ಇಂಚಿನ ಚಕ್ರದ 3.7 ಕಿಲೋ ತೂಕದಿಂದ ಬಂದದ್ದು. ಅದರ ನಕಲುಗಳು ಎಲ್ಲೆಡೆ ಸಿಗುತ್ತವೆ. ಆರು ಕಡ್ಡಿಯ ಆಕಾರವನ್ನು ಎರಕದಲ್ಲಿ ನಕಲು ಮಾಡಬಹುದು, ತೂಕವನ್ನೂ ಬಲವನ್ನೂ ನಕಲು ಮಾಡಲಾಗದು. ಎರಕದಲ್ಲಿಯೇ ಬರೀ ಲೋಹ ಕೆರೆದು ಹಗುರ ಮಾಡಿದ ಚಕ್ರ ಗುಂಡಿಗೆ ಬಿದ್ದಾಗ ಬಿರುಕು ಬಿಡುತ್ತದೆ. ಒಳ್ಳೆಯ ಫೋರ್ಜ್ಡ್ ಚಕ್ರ ಸಾಮಾನ್ಯವಾಗಿ ಬಾಗುತ್ತದೆ. ಮಳೆಗಾಲ ಮುಗಿದ ಮೇಲೆ ಬೆಂಗಳೂರಿನ ರಸ್ತೆಗಳಲ್ಲಿ ಕಾರು ಓಡಿಸುವವರಿಗೆ ಇವೆರಡರ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಮೆಗ್ನೀಸಿಯಂ ಇನ್ನೂ ಹಗುರ, ಆದರೆ ಮೇಲಿನ ಲೇಪನ ಕಿತ್ತುಹೋದರೆ ಬೇಗ ಸವೆಯುವ ಲೋಹವಾದ್ದರಿಂದ ದಿನಬಳಕೆಗೆ ನಾನು ಸೂಚಿಸುವುದಿಲ್ಲ.

ಹಾಗಾದರೆ ಯಾರಿಗೆ ಸಾರ್ಥಕ? ಊರೊಳಗೆ ಮತ್ತು ಹೆದ್ದಾರಿಯಲ್ಲಿ ಮಾತ್ರ ಓಡಿಸುವವರಿಗೆ ಓಟದ ದೃಷ್ಟಿಯಿಂದ ಇಲ್ಲ; ಅಂದಕ್ಕೆ ಬೇಕೆಂದರೆ ಅದು ಬೇರೆ ವಿಷಯ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಟ್ರ್ಯಾಕಿಗೋ ಹೋಗಿ ಓಡಿಸುವ ಅಭ್ಯಾಸವಿರುವವರು ಮೊದಲು ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು ಇವುಗಳನ್ನು ಸರಿಮಾಡಿಕೊಳ್ಳಲಿ. ಟ್ರ್ಯಾಕಿನ ಟೈರಿಗಾಗಿ ಎರಡನೆಯ ಸೆಟ್ ಚಕ್ರ ಹೇಗೂ ಬೇಕಾಗುವ ಹಂತ ಬಂದಾಗ ಆ ಸೆಟ್ಟನ್ನೇ ಹಗುರವಾದದ್ದು ಕೊಂಡರೆ ಹೆಚ್ಚುವರಿ ಖರ್ಚಿಗೆ ಅರ್ಥ ಬರುತ್ತದೆ, ಕಂಪನಿಯ ಚಕ್ರಗಳು ಗುಂಡಿಯ ರಸ್ತೆಗೆ ಉಳಿಯುತ್ತವೆ.

ಕೊಳ್ಳುವಾಗ ತೂಕದ ಅಂಕಿಯನ್ನು ಜಾಹೀರಾತಿನಿಂದ ಎತ್ತಿಕೊಳ್ಳದೆ ತಕ್ಕಡಿಯ ಮೇಲಿಟ್ಟು ನೋಡಿ. ನಿಮ್ಮ ಹಳೆಯ ಚಕ್ರವನ್ನೂ ಟೈರು ಬಿಚ್ಚಿದಾಗ ತೂಗಿಸಿ. ಚಕ್ರದ ಮೇಲೆ ಅಚ್ಚಾಗಿರುವ ಭಾರದ ಮಿತಿ ಕಾರಿನ ಒಂದು ಆಕ್ಸಲ್ ಹೊರಬಹುದಾದ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆ ಇರಕೂಡದು. ಜಿಆರ್86ಕ್ಕಾದರೆ ಐದು ಬೋಲ್ಟಿನ 100 ಮಿಲಿಮೀಟರ್ ವೃತ್ತ, 56.1 ಮಿಲಿಮೀಟರ್ ನಡುರಂಧ್ರ, 48 ಮಿಲಿಮೀಟರ್ ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮೈಗಿರುವ ದೂರ) ಕಂಪನಿಯ ಅಳತೆಗಳು. ಆಫ್‌ಸೆಟ್ ಬಹಳ ಬದಲಾದರೆ ಸ್ಟೀರಿಂಗಿನ ನಡತೆಯೂ ಬದಲಾಗಿ, ಹಗುರ ಚಕ್ರ ತಂದುಕೊಟ್ಟ ಸೂಕ್ಷ್ಮತೆ ಅಲ್ಲಿಯೇ ಕಳೆದುಹೋಗುತ್ತದೆ. ನಡುರಂಧ್ರ ದೊಡ್ಡದಾಗಿದ್ದರೆ ಆ ಸಂದನ್ನು ತುಂಬುವ ಸರಿಯಾದ ಅಳತೆಯ ಹಬ್ ರಿಂಗು ಹಾಕಿಸಿ, ವಿಮಾ ಕಂಪನಿಗೆ ಬದಲಾವಣೆಯನ್ನು ತಿಳಿಸಿ, ಮೊದಲ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ.