ಮಷೀನು ಬರೆದಿಟ್ಟ ಲೆಕ್ಕ

"ಹಗಲೆಲ್ಲ ಹಾಕಿಕೊಂಡೇ ಇರುತ್ತೇನಮ್ಮ" ಎಂದರು ದೊಡ್ಡಪ್ಪ. ಕಿವಿ ಎಷ್ಟು ಕೇಳಿಸುತ್ತದೆಂದು ಪರೀಕ್ಷಿಸುವ ಆಡಿಯಾಲಜಿಸ್ಟ್ ಹುಡುಗಿ ಏನೂ ಮಾತಾಡದೆ ಅವರ ಕಿವಿಯ ಮಷೀನನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಮೂಡಿದ ಸರಾಸರಿ: ದಿನಕ್ಕೆ ಎರಡೂವರೆ ಗಂಟೆ.

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಪೇಪರ್ ಓದುವಾಗ ತೆಗೆದಿಟ್ಟದ್ದು, ಮಧ್ಯಾಹ್ನದ ನಿದ್ದೆ, ಮತ್ತೆ ಹಾಕಿಕೊಳ್ಳಲು ಮರೆತ ಸಂಜೆಗಳು ಅವರ ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೇ. ಶ್ರವಣ ಸಾಧನದಿಂದ ಉಪಯೋಗವಾಯಿತೇ ಎಂದು ತಿಳಿಯಲು ಹಲವು ದೇಶಗಳಲ್ಲಿ ಬಳಸುವ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಕನ್ನಡಕ್ಕೂ ಬಂದಿದೆ. ಕಳೆದ ಎರಡು ವಾರಗಳಲ್ಲಿ ದಿನಕ್ಕೆ ಎಷ್ಟು ಗಂಟೆ ಬಳಸಿದಿರಿ ಎಂಬುದೇ ಅದರ ಮೊದಲ ಪ್ರಶ್ನೆ. ಮೊನ್ನೆ ಮಾಡಿದ ಸಾರು ಯಾವುದೆಂದು ನೆನಪಿರದ ನಮ್ಮಂಥವರಿಂದ ಬರುವ ಉತ್ತರ, ಸಾಮಾನ್ಯವಾಗಿ, ಕೊಂಚ ಉಬ್ಬಿದ ಅಂದಾಜು.

ಈಗಿನ ಡಿಜಿಟಲ್ ಸಾಧನಗಳು ಎಷ್ಟು ಹೊತ್ತು ಚಾಲೂ ಇದ್ದೆವು, ಸುತ್ತ ಮೌನವಿತ್ತೇ, ಮಾತಿತ್ತೇ, ಗದ್ದಲದ ನಡುವೆ ಮಾತಿತ್ತೇ ಎಂಬುದನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಶಬ್ದದ ಬಗೆ ಮತ್ತು ಮಟ್ಟ ಮಾತ್ರ, ಆಡಿದ ಮಾತನ್ನಲ್ಲ, ಸೊಸೆಯಂದಿರು ನಿಶ್ಚಿಂತೆಯಿಂದಿರಬಹುದು. ಆದರೆ ಎಷ್ಟೋ ಸಾಧನಗಳಿಗೆ ತಾವು ಚಾಲೂ ಇದ್ದದ್ದು ಗೊತ್ತೇ ಹೊರತು ಕಿವಿಯಲ್ಲಿದ್ದದ್ದು ಗೊತ್ತಿಲ್ಲ. ಮಾತು ತಿಳಿಯಿತೇ ಎಂಬುದಂತೂ ಯಾವುದಕ್ಕೂ ಗೊತ್ತಿಲ್ಲ.

ಅದನ್ನು ಮನುಷ್ಯರನ್ನೇ ಕೇಳಬೇಕು, ಆದರೆ ಆ ಕ್ಷಣದಲ್ಲೇ ಕೇಳಬೇಕು. ಮನೋವಿಜ್ಞಾನಿಗಳಾದ ಆರ್ಥರ್ ಸ್ಟೋನ್ ಮತ್ತು ಸಾಲ್ ಶಿಫ್‌ಮನ್ 1994ರಲ್ಲಿ ಹೆಸರಿಟ್ಟ ಈ ವಿಧಾನ ಸ್ಮಾರ್ಟ್‌ಫೋನಿನಿಂದ ಸಲೀಸಾಯಿತು. ದಿನಕ್ಕೆ ಹಲವು ಸಲ ಫೋನು ಗುಂಯ್‌ಗುಡುತ್ತದೆ: ಈಗ ಎಲ್ಲಿದ್ದೀರಿ? ಎದುರಿಗಿರುವವರ ಮಾತು ಎಷ್ಟು ತಿಳಿಯುತ್ತಿದೆ? ಅದೇ ಹೊತ್ತಿಗೆ ಸುತ್ತಲಿನ ಶಬ್ದದ ಮಟ್ಟವೂ ದಾಖಲಾಗುತ್ತದೆ. ಸದ್ದಡಗಿಸಿದ ಪರೀಕ್ಷಾ ಕೋಣೆಯಲ್ಲಿ ಪದಗಳನ್ನು ತಪ್ಪಿಲ್ಲದೆ ಒಪ್ಪಿಸಿದವರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಕೂಗಿದ ಊರಿನ ಹೆಸರು ಕೇಳದೆ ನಿಂತಿರುವುದು ಇದರಿಂದ ಗೊತ್ತಾಗುತ್ತದೆ.

ಗೊತ್ತಾಗುವುದು ಅವರು ಉತ್ತರಿಸಿದರೆ ಮಾತ್ರ. ನನಗೆ ಈ ವಿಧಾನದ ಬಗ್ಗೆ ಇರುವ ಅನುಮಾನವೂ ಇಲ್ಲೇ. ಮದುವೆ ಮನೆಯ ಪಂಕ್ತಿಯಲ್ಲಿ ಕೈ ಸಾರನ್ನದಲ್ಲಿರುವಾಗ, ಪಕ್ಕದವರು ಏನೋ ಕೇಳುತ್ತಿರುವಾಗ, ಜೇಬಿನ ಫೋನಿಗೆ ಯಾರು ಉತ್ತರ ಕೊಡುತ್ತಾರೆ? ಕೇಳಿಸುವುದು ಎಲ್ಲಿ ಅತಿ ಕಷ್ಟವೋ ಅಲ್ಲಿನ ಉತ್ತರಗಳೇ ತಪ್ಪಿಹೋದರೆ ಉಳಿದವುಗಳ ಸರಾಸರಿ ಸುಳ್ಳೇ ಚೆನ್ನಾಗಿ ಕಾಣುತ್ತದೆ.

ನಮ್ಮ ದೊಡ್ಡಪ್ಪನಂತೂ ವಾಲಗ ಶುರುವಾದೊಡನೆ ಮಷೀನನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಫ್ ಮಾಡಲು ಮರೆತರೆ, ಜೇಬು ವಾಲಗ ಕೇಳಿದ್ದೂ ಬಳಕೆಯ ಲೆಕ್ಕಕ್ಕೇ ಸೇರುತ್ತದೆ.