ಪದ ಪರಿಚಯ: ಕಾಂಟೆಕ್ಸ್ಟ್‌ಕಾನ್ಫಿಗ್‌ಲೊಕೇಶನ್

ಬೆಂಗಳೂರಿನಲ್ಲಿ ಆಟೊ ಹತ್ತಿ ‘ನಾಲ್ಕನೇ ಬ್ಲಾಕ್’ ಎಂದಷ್ಟೇ ಹೇಳಿದರೆ, ‘ಜಯನಗರದ್ದೋ ರಾಜಾಜಿನಗರದ್ದೋ?’ ಎಂದು ಚಾಲಕರು ಕೇಳುತ್ತಾರೆ. ಜಾವಾ ವೆಬ್ ಅಪ್ಲಿಕೇಶನ್ ಹಾಗೆ ಕೇಳುವುದಿಲ್ಲ. ತನಗೆ ಗೊತ್ತುಮಾಡಿದ ಜಾಗದಲ್ಲಿ ಹುಡುಕಿ, ಕಡತ ಸಿಗದಿದ್ದರೆ ಸಾಮಾನ್ಯವಾಗಿ ಎರರ್ ತೋರಿಸಿ ನಿಂತುಬಿಡುತ್ತದೆ.

ಜಾವಾ ಅಪ್ಲಿಕೇಶನ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಕಾನ್ಫಿಗರೇಶನ್ ಕಡತಗಳು ಎಲ್ಲಿವೆ ಎಂಬ ವಿಳಾಸವನ್ನು ಕೊಡುವ ಪ್ಯಾರಾಮೀಟರ್‌ನ ಹೆಸರೇ ಕಾಂಟೆಕ್ಸ್ಟ್‌ಕಾನ್ಫಿಗ್‌ಲೊಕೇಶನ್. ಟಾಮ್‌ಕ್ಯಾಟ್‌ನಂತಹ ಸರ್ವರ್ ಅಪ್ಲಿಕೇಶನ್ನನ್ನು ಆರಂಭಿಸುವಾಗ ಅದರ ಸೂಚನೆಗಳಿರುವ ವೆಬ್.ಎಕ್ಸ್‌ಎಂಎಲ್ ಕಡತವನ್ನು ಓದುತ್ತದೆ; ಅದರಲ್ಲಿ ನಮೂದಿಸಿರುವ, ಸ್ಪ್ರಿಂಗ್‌ನದೇ ಭಾಗವಾದ ಕಾಂಟೆಕ್ಸ್ಟ್‌ಲೋಡರ್‌ಲಿಸನರ್ ಈ ವಿಳಾಸವನ್ನು ನೋಡಿ, ಅಲ್ಲಿನ ಕಡತಗಳನ್ನು ಲೋಡ್ ಮಾಡಿ, ಅವುಗಳಲ್ಲಿ ಹೇಳಿದ ಬೀನ್‌ಗಳನ್ನು (ಸ್ಪ್ರಿಂಗ್ ತಾನೇ ಸೃಷ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್‌ಗಳನ್ನು) ಸಿದ್ಧಪಡಿಸುತ್ತದೆ. ವಿಳಾಸವನ್ನೇ ಕೊಡದಿದ್ದರೆ ವೆಬ್-ಇನ್ಫ್ ಫೋಲ್ಡರಿನಲ್ಲಿರುವ ಅಪ್ಲಿಕೇಶನ್‌ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ಕಡತವನ್ನು ಹುಡುಕುತ್ತದೆ.

ತೊಡಕಿರುವುದು ವಿಳಾಸದ ಮೊದಲ ಪದದಲ್ಲಿ. ಬರಿಯ ಹಾದಿಯನ್ನು ಬರೆದರೆ ಅದನ್ನು ಅಪ್ಲಿಕೇಶನ್ನಿನ ಮೂಲ ಫೋಲ್ಡರಿನಿಂದ ಎಣಿಸಲಾಗುತ್ತದೆ. ‘ಕ್ಲಾಸ್‌ಪಾತ್’ ಎಂದು ಬರೆದು ಕೋಲನ್ ಹಾಕಿದರೆ ವೆಬ್-ಇನ್ಫ್ ಒಳಗಿನ ಕ್ಲಾಸಸ್ ಫೋಲ್ಡರಿನಲ್ಲೂ ಕೋಡನ್ನು ಒಟ್ಟುಕಟ್ಟಿದ ಜಾರ್ ಕಡತಗಳಲ್ಲೂ ಹುಡುಕಿ ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳಲಾಗುತ್ತದೆ. ಕೋಲನ್‌ಗೆ ಮೊದಲು ಒಂದು ನಕ್ಷತ್ರ ಚಿಹ್ನೆಯನ್ನು ಸೇರಿಸಿದರೆ ಆ ಹೆಸರಿನ ಎಲ್ಲ ಕಡತಗಳೂ ಲೋಡ್ ಆಗುತ್ತವೆ. ಇದು ಅನುಕೂಲವೆನಿಸಿದರೂ ನನಗೆ ಅಷ್ಟಾಗಿ ಹಿಡಿಸದು: ಒಂದು ಕಡತವೂ ಸಿಗದಿದ್ದಾಗ ಎರರ್ ಬಾರದೆ, ಸರ್ವರ್ ಏನೂ ಆಗಿಲ್ಲವೆಂಬಂತೆ ಮುಂದೆ ಸಾಗುತ್ತದೆ.

ನಾನೇ ಒಮ್ಮೆ ಕಡತವನ್ನು ಎಸ್‌ಆರ್‌ಸಿ/ಮೇನ್/ಜಾವಾ ಫೋಲ್ಡರಿನಲ್ಲಿ ಇಟ್ಟು ಅರ್ಧ ದಿನ ಕಳೆದುಕೊಂಡಿದ್ದೇನೆ. ಕೋಡ್ ಬರೆಯುವ ತಂತ್ರಾಂಶವಾದ ಎಕ್ಲಿಪ್ಸ್‌ನಲ್ಲಿ ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು. ಕೋಡನ್ನು ಕಂಪೈಲ್ ಮಾಡಿ ಒಟ್ಟುಕಟ್ಟುವ ಸಾಧನವಾದ ಮೇವನ್ ಕಟ್ಟಿದ ವಾರ್ ಕಡತವನ್ನು (ಸರ್ವರ್‌ಗೆ ಹಾಕುವ ಇಡೀ ಅಪ್ಲಿಕೇಶನ್ನಿನ ಗಂಟನ್ನು) ಬಿಚ್ಚಿ ನೋಡಿದರೆ ಅದರಲ್ಲಿ ಎಕ್ಸ್‌ಎಂಎಲ್ ಇರಲೇ ಇಲ್ಲ. ಬೇರೆ ಸೂಚನೆ ಕೊಡದ ಹೊರತು ಮೇವನ್ ಆ ಫೋಲ್ಡರಿನ ಜಾವಾ ಕಡತಗಳನ್ನು ಕಂಪೈಲ್ ಮಾಡುತ್ತದೆಯೇ ಹೊರತು ಎಕ್ಸ್‌ಎಂಎಲ್ಲನ್ನು ನಕಲು ಮಾಡುವುದಿಲ್ಲ. ಅಂಥವು ಪಕ್ಕದ ರಿಸೋರ್ಸಸ್ ಫೋಲ್ಡರಿನಲ್ಲಿರಬೇಕು.

2011ರಲ್ಲಿ ಬಂದ ಸ್ಪ್ರಿಂಗ್ 3.1ರಿಂದ ವೆಬ್.ಎಕ್ಸ್‌ಎಂಎಲ್ ಇಲ್ಲದೆ ಜಾವಾ ಕ್ಲಾಸ್ ಮೂಲಕವೇ ಇದನ್ನೆಲ್ಲ ಬರೆಯಬಹುದಾಗಿದೆ. ಆದರೂ ಹಳೆಯ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಬಂದ ವೆಬ್ ಕೋರಿಕೆಗಳನ್ನು ಹಂಚುವ, ಸ್ಪ್ರಿಂಗ್‌ನ ಇನ್ನೊಂದು ಭಾಗವಾದ ಡಿಸ್ಪ್ಯಾಚರ್‌ಸರ್ವ್‌ಲೆಟ್‌ಗೂ ಇದೇ ಹೆಸರಿನ ಪ್ರತ್ಯೇಕ ಪ್ಯಾರಾಮೀಟರ್ ಇರುವುದರಿಂದ, ಎರಡೂ ಕಡೆ ಒಂದೇ ಕಡತದ ವಿಳಾಸವನ್ನು ಕೊಟ್ಟರೆ ಪ್ರತಿಯೊಂದು ಬೀನ್ ಎರಡು ಸಲ ಹುಟ್ಟುತ್ತದೆ; ಅದರಲ್ಲಿ ನಿಗದಿತ ಹೊತ್ತಿಗೆ ಎಸ್‌ಎಂಎಸ್ ಕಳಿಸುವ ಕೆಲಸವಿದ್ದರೆ ಗ್ರಾಹಕರ ಫೋನಿಗೆ ಒಂದೇ ಸಂದೇಶ ಎರಡು ಬಾರಿ ಹೋಗುತ್ತದೆ.