ಕೋವಿಯ ಲೈಸೆನ್ಸು, ರೇಡಿಯೊದ ಲೈಸೆನ್ಸು: ಟಿವಿಗೆ ದುಡ್ಡು ಕೊಡುವವರು ಯಾರು?

ಲೀಡ್ಸ್‌ನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದ. ಬಾಡಿಗೆ ಮನೆಯ ಬಾಗಿಲಡಿ ಬಂದು ಬಿದ್ದ ಕಾಗದ ನೋಡಿ ಹುಡುಗ ಗಾಬರಿಯಾಗಿದ್ದ. "ಮಾವ, ಇಲ್ಲಿ ಟಿವಿ ನೋಡೋಕೂ ಲೈಸೆನ್ಸ್ ಬೇಕಂತೆ. ಇಲ್ಲದಿದ್ದರೆ ಸಾವಿರ ಪೌಂಡ್‌ವರೆಗೆ ದಂಡ ಅಂತೆ."

ಶಿರಸಿ ಸೀಮೆಯಲ್ಲಿ ಲೈಸೆನ್ಸ್ ಎಂದರೆ ಮೊದಲು ನೆನಪಾಗುವುದು ಕೋವಿ. ಮಂಗ, ಹಂದಿಯಿಂದ ತೋಟ ಉಳಿಸಿಕೊಳ್ಳಲು ಇಟ್ಟುಕೊಂಡ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಇಲ್ಲಿಯ ರೈತರಿಗೆ ರೂಢಿ. ಟಿವಿಗೂ ಅಂಥದ್ದೊಂದು ಲೈಸೆನ್ಸ್ ಪುಸ್ತಕ ಬೇಕು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಆದರೆ ಫೋನ್ ಮಾಡಿದ ಅಳಿಯನ ಅಜ್ಜನ, ಅಂದರೆ ನನ್ನ ಅಪ್ಪಯ್ಯನ ಪೆಟ್ಟಿಗೆಯಲ್ಲಿ, ಜಮೀನಿನ ಪಹಣಿಗಳ ನಡುವೆ, ಅಂಥದ್ದೇ ಒಂದು ಪುಸ್ತಕ ಇದೆ. ಅಂಗೈ ಅಗಲದ್ದು. ಬೆನ್ನಿನ ದಾರ ಬಿಚ್ಚಿಕೊಂಡಿದೆ. ಒಳಗೆ ವರ್ಷಕ್ಕೊಂದರಂತೆ ಅಂಟಿಸಿದ ಸ್ಟ್ಯಾಂಪು, ಅದರ ಮೇಲೆ ಅಂಚೆ ಕಚೇರಿಯ ದುಂಡು ಮೊಹರು. ಇದು ನಮ್ಮ ಮನೆಯ ರೇಡಿಯೊದ ಲೈಸೆನ್ಸು.

ರೇಡಿಯೊ ಕೇಳುವವರು ಸರ್ಕಾರಕ್ಕೆ ದುಡ್ಡು ಕಟ್ಟುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಬ್ರಿಟಿಷರ ಕಾಲದಲ್ಲಿ. 1927ರಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಖಾಸಗಿ ಕಂಪನಿಯೊಂದು ಪ್ರಸಾರ ಶುರುಮಾಡಿದಾಗ ವರ್ಷಕ್ಕೆ 10 ರೂಪಾಯಿ ಶುಲ್ಕವಿತ್ತು. ಆಗ ಕಾರವಾರ, ಶಿರಸಿಗಳೆಲ್ಲ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ಕಂಪನಿ ಮೂರೇ ವರ್ಷದಲ್ಲಿ ಮುಳುಗಿತು. ಲೈಸೆನ್ಸಿನ ಆದಾಯ ನಂಬಿ ಕೂತಿದ್ದ ಸಂಸ್ಥೆಗೆ ಲೈಸೆನ್ಸ್ ಪಡೆದ ಕೇಳುಗರೇ ಸಾಕಷ್ಟು ಇರಲಿಲ್ಲ. ಪ್ರಸಾರವನ್ನು 1930ರಲ್ಲಿ ಸರ್ಕಾರ ಕೈಗೆತ್ತಿಕೊಂಡಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದ ಮೇಲಂತೂ ಲೈಸೆನ್ಸಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಮೊದಲ ಸಲಕ್ಕೆ 100 ರೂಪಾಯಿವರೆಗೆ ದಂಡ. ಈ ಕಾಯ್ದೆಯನ್ನು ರದ್ದುಮಾಡುವ ಹೊಸ ದೂರಸಂಪರ್ಕ ಕಾಯ್ದೆ ಬಂದದ್ದು 2023ರಲ್ಲಿ, ಅಂದರೆ ತೊಂಬತ್ತು ವರ್ಷ ಕಳೆದ ಮೇಲೆ.

ಅತ್ತ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಕೇಂದ್ರ ಕಟ್ಟಿ ಅದನ್ನು 'ಆಕಾಶವಾಣಿ' ಎಂದು ಕರೆದರು. ಮುಂದೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡ ಹೆಸರು ಒಬ್ಬ ಮೇಷ್ಟ್ರ ಮನೆಯಿಂದ ಬಂದದ್ದು ಎಂಬುದು ನನಗೆ ಇವತ್ತಿಗೂ ಹೆಮ್ಮೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ರೇಡಿಯೊ ಎಂದರೆ ಧಾರವಾಡ. 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರಕ್ಕೆ ಘಟ್ಟದ ಮೇಲಿನ ಮನೆಗಳು ಸಂಜೆಯಾದರೆ ಕಿವಿಗೊಡುತ್ತಿದ್ದವು. 1970ರ ದಶಕದಲ್ಲಿ ರೇಡಿಯೊಗೆ ವರ್ಷಕ್ಕೆ 15 ರೂಪಾಯಿ, ಟಿವಿ ಇದ್ದರೆ 50 ರೂಪಾಯಿ. ಕಟ್ಟುವುದು ಅಂಚೆ ಕಚೇರಿಯಲ್ಲಿ. ಪುಸ್ತಕ ಕೊಟ್ಟರೆ ಪೋಸ್ಟ್ ಮಾಸ್ತರು ಸ್ಟ್ಯಾಂಪು ಅಂಟಿಸಿ ಮೊಹರು ಒತ್ತುತ್ತಿದ್ದರು. ಲೈಸೆನ್ಸ್ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವ ಸುದ್ದಿ ಊರಿಗೆ ಬರುತ್ತಿದ್ದುದು ಅವರ ಜೀಪಿಗಿಂತ ಮೊದಲು. ಸ್ಟ್ಯಾಂಪು ಹಚ್ಚಿಸದವರ ರೇಡಿಯೊ ಆ ಹೊತ್ತಿಗೆ ಅಟ್ಟ ಹತ್ತಿ, ಅಡಿಕೆ ಚೀಲಗಳ ಹಿಂದೆ ಕೂತಿರುತ್ತಿತ್ತು. ಅಪ್ಪಯ್ಯ ಮಾತ್ರ ತಪ್ಪದೆ ಕಟ್ಟುತ್ತಿದ್ದ. "ಕೇಳಿದ್ದಕ್ಕೆ ಕೊಡುವುದು" ಎಂದಷ್ಟೇ ಹೇಳುತ್ತಿದ್ದ.

ಈ ಮಾತಿನ ತೂಕ ನನಗೆ ಗೊತ್ತಾದದ್ದು ಅಳಿಯನ ಫೋನಿನ ನೆಪದಲ್ಲಿ ಬೇರೆ ದೇಶಗಳ ಕತೆ ಓದಲು ಕೂತಾಗ.

ಬ್ರಿಟನ್ನಿನಲ್ಲಿ ರೇಡಿಯೊ ಲೈಸೆನ್ಸು ಬಂದದ್ದು 1922ರಲ್ಲಿ, ವರ್ಷಕ್ಕೆ 10 ಶಿಲ್ಲಿಂಗ್. ಯುದ್ಧ ಮುಗಿದ ಮೇಲೆ 1946ರಲ್ಲಿ ಟಿವಿಗೂ ರೇಡಿಯೊಗೂ ಸೇರಿಸಿ 2 ಪೌಂಡ್ ಮಾಡಿದರು. 1968ರಲ್ಲಿ ಬಣ್ಣದ ಟಿವಿಗೆ 5 ಪೌಂಡ್ ಹೆಚ್ಚುವರಿ ಬಿತ್ತು, 1971ರಲ್ಲಿ ರೇಡಿಯೊದ ಪ್ರತ್ಯೇಕ ಲೈಸೆನ್ಸು ಹೋಯಿತು. 2025ರ ಏಪ್ರಿಲ್‌ನಲ್ಲಿ ಶುಲ್ಕ 174.50 ಪೌಂಡಿಗೆ ಏರಿತು, ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ರೂಪಾಯಿ. ಕಪ್ಪು ಬಿಳುಪಿನ ಟಿವಿ ಇಟ್ಟುಕೊಂಡವರಿಗೆ ಇವತ್ತಿಗೂ ಬೇರೆ ದರ ಇದೆ, 2025ರಲ್ಲಿ ಅದು 58.50 ಪೌಂಡ್ ಇತ್ತು. ಯಾವುದೇ ಚಾನೆಲ್ಲನ್ನು ನೇರ ಪ್ರಸಾರದಲ್ಲಿ ನೋಡಿದರೂ, ಬಿಬಿಸಿಯ ಇಂಟರ್ನೆಟ್ ಸೇವೆಯಾದ ಐಪ್ಲೇಯರ್ ತೆರೆದರೂ ಲೈಸೆನ್ಸ್ ಬೇಕು. ಐಪ್ಲೇಯರ್ ಈ ಲೆಕ್ಕಕ್ಕೆ ಸೇರಿದ್ದು 2016ರಲ್ಲಿ. ಬರೀ ನೆಟ್‌ಫ್ಲಿಕ್ಸ್ ಸಿನಿಮಾ, ಯೂಟ್ಯೂಬ್ ವಿಡಿಯೊ ನೋಡುವವರಿಗೆ ಬೇಡ. ಅಳಿಯನ ಗಾಬರಿ ಇಳಿದದ್ದು ಇಲ್ಲಿಗೆ.

ಈ ಹಣದಿಂದಲೇ ಬಿಬಿಸಿ ತನ್ನ ದೇಶದೊಳಗೆ ಒಂದೂ ಜಾಹೀರಾತಿಲ್ಲದೆ ನಡೆಯುತ್ತದೆ. ನೋಡುವವರೇ ಕೊಡುವುದರಿಂದ ಅದು ಸರ್ಕಾರದ ಮುಂದೆಯೂ ಸೋಪಿನ ಕಂಪನಿಯ ಮುಂದೆಯೂ ಕೈಚಾಚಬೇಕಿಲ್ಲ ಎಂಬುದು ಅದರ ಹಿಂದಿನ ಯೋಚನೆ. ನನಗೆ ಅದು ಇಷ್ಟ. ಆದರೆ ಅದರ ಭಾರ ಬೀಳುವ ರೀತಿ ನೋವು ತರುತ್ತದೆ. ಲೈಸೆನ್ಸ್ ಕಟ್ಟದ ಕಾರಣಕ್ಕೆ ಅಲ್ಲಿ ಶಿಕ್ಷೆಗೆ ಒಳಗಾಗುವವರಲ್ಲಿ ಬಹುಪಾಲು ಹೆಂಗಸರು. ತಪಾಸಣೆಯವರು ಹಗಲು ಬಾಗಿಲು ತಟ್ಟಿದಾಗ ಮನೆಯಲ್ಲಿರುವುದು ಅವರೇ. ಬಡವರಿಗೂ ಸಾಹುಕಾರರಿಗೂ ಒಂದೇ ದರ. ಬಿಬಿಸಿಯ ಈಗಿನ ಸನ್ನದು 2027ರ ಕೊನೆಗೆ ಮುಗಿಯುವುದರಿಂದ ಮುಂದೇನು ಎಂಬ ಚರ್ಚೆ ಅಲ್ಲಿ ಜೋರಾಗಿದೆ.

ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಜರ್ಮನಿ 2013ರಲ್ಲಿ ಟಿವಿ ಇದೆಯೋ ಇಲ್ಲವೋ ಎಂದು ಕೇಳುವುದನ್ನೇ ಬಿಟ್ಟು ಪ್ರತಿ ಮನೆಗೂ ಶುಲ್ಕ ಹಾಕಿತು. 2021ರಿಂದ ಅದು ತಿಂಗಳಿಗೆ 18.36 ಯೂರೊ. ಇಟಲಿಯಲ್ಲಿ ಕಟ್ಟದೆ ತಪ್ಪಿಸಿಕೊಳ್ಳುವವರು ಬಹಳ ಇದ್ದರು, 2016ರಲ್ಲಿ ಶುಲ್ಕವನ್ನು ಕರೆಂಟ್ ಬಿಲ್ಲಿಗೆ ಸೇರಿಸಿಬಿಟ್ಟರು. ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆ ಅದನ್ನು ತೆರಿಗೆಯ ರೂಪಕ್ಕೆ ತಿರುಗಿಸಿದವು. ಫ್ರಾನ್ಸ್ 2022ರಲ್ಲಿ ತೆಗೆದೇ ಹಾಕಿತು, ಆಸ್ಟ್ರೇಲಿಯ 1974ರಷ್ಟು ಹಿಂದೆಯೇ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1950ರ ಪ್ರಸಾರ ಕಾಯ್ದೆಯ ಬಲದಿಂದ ಶುಲ್ಕ ಪಡೆಯುತ್ತದೆ. ಇದು ಸಂವಿಧಾನಕ್ಕೆ ಸರಿಯೇ ಎಂಬ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗಿ, 2017ರ ಡಿಸೆಂಬರಿನಲ್ಲಿ ಸರಿ ಎಂದೇ ತೀರ್ಪಾಯಿತು. ಅಮೆರಿಕದಲ್ಲಿ ಲೈಸೆನ್ಸ್ ಎಂಬುದೇ ಇರಲಿಲ್ಲ. ಸಾರ್ವಜನಿಕ ಕೇಂದ್ರಗಳು ದೇಣಿಗೆ ಮತ್ತು ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದವು, 2025ರಲ್ಲಿ ಸಂಸತ್ತು ಆ ಕೇಂದ್ರ ಅನುದಾನಕ್ಕೇ ಕತ್ತರಿ ಹಾಕಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ವಿಟ್ಜರ್ಲೆಂಡ್. ಈ ಶುಲ್ಕ ಬೇಕೋ ಬೇಡವೋ ಎಂದು 2018ರ ಮಾರ್ಚಿನಲ್ಲಿ ಅಲ್ಲಿ ಜನರನ್ನೇ ಕೇಳಿದರು. ನೂರಕ್ಕೆ 71ಕ್ಕೂ ಹೆಚ್ಚು ಮಂದಿ ಶುಲ್ಕ ಇರಲಿ ಎಂದು ಮತ ಹಾಕಿದರು. ಚಿಕ್ಕ ದೇಶಕ್ಕೆ ನಾಲ್ಕು ಭಾಷೆ. ಜಾಹೀರಾತನ್ನೇ ನಂಬಿದರೆ ಬೆಟ್ಟದ ಸಂದಿಯಲ್ಲಿ ಬಹಳ ಕಡಿಮೆ ಮಂದಿ ಆಡುವ ರೊಮಾನ್ಶ್ ಭಾಷೆಗೆ ಯಾರು ಕಾರ್ಯಕ್ರಮ ಮಾಡುತ್ತಾರೆ ಎಂಬ ಮಾತು ಆ ಚರ್ಚೆಯಲ್ಲಿ ಇತ್ತು. ಬೆಟ್ಟದ ಸಂದಿಯಲ್ಲೇ ಇರುವ ನಮಗೆ ಅದು ಬೇಗ ಅರ್ಥವಾಗುತ್ತದೆ.

ಭಾರತದಲ್ಲಿ ಟಿವಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಶುರುವಾಯಿತು. ಕರ್ನಾಟಕದ ಹಳ್ಳಿಗಳಿಗೆ ಅದು ಮೊದಲು ಬಂದ ಬಗೆ ಮಾತ್ರ ಎಲ್ಲರಿಗೂ ತಿಳಿದಿರಬೇಕಾದದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲೆಯ ಪಾಠ ತೋರಿಸುವ ಪ್ರಯೋಗ ನಡೆಯಿತು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಟಿವಿ ಪೆಟ್ಟಿಗೆ ಇಡೀ ಊರಿನದು. ಯಾರೂ ದುಡ್ಡು ಕೊಡಬೇಕಿರಲಿಲ್ಲ, ಯಾರೂ ಜಾಹೀರಾತು ಮಾರುತ್ತಿರಲಿಲ್ಲ. ಅದು ಮುಗಿದ ಮರುವರ್ಷ ರಾಜ್ಯದ ಮೊದಲ ಟಿವಿ ಕೇಂದ್ರ ಗುಲ್ಬರ್ಗದಲ್ಲೇ ಬಂತು.

1976ರಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾಯಿತು, ಅದೇ ವರ್ಷ ಜಾಹೀರಾತೂ ಒಳಗೆ ಬಂತು. 1982ರಲ್ಲಿ ಬಣ್ಣ ಬಂತು. ಜಾಹೀರಾತಿನ ಆದಾಯ ಏರುತ್ತಿದ್ದ ಹಾಗೆ, ಮನೆಮನೆ ತಿರುಗಿ ಚಿಲ್ಲರೆ ವಸೂಲಿ ಮಾಡುವುದು ಸರ್ಕಾರಕ್ಕೆ ರಗಳೆಯಾಗಿ ಕಂಡಿರಬೇಕು. 1980ರ ದಶಕದ ನಡುವೆ ರೇಡಿಯೊ, ಟಿವಿ ಲೈಸೆನ್ಸುಗಳನ್ನು ಕೈಬಿಟ್ಟರು. ಊರಲ್ಲಿ ಎಲ್ಲರಿಗೂ ಖುಷಿ. ಅಟ್ಟದ ರೇಡಿಯೊಗಳು ಜಗಲಿಗೆ ಇಳಿದವು. ಆದರೆ ಅಂದು ನಾವು ಕಳೆದುಕೊಂಡದ್ದೂ ಒಂದಿದೆ ಎಂದು ನನಗೆ ಈಗ ಅನಿಸುತ್ತದೆ. 15 ರೂಪಾಯಿ ಕಟ್ಟಿದವನಿಗೆ ಧಾರವಾಡಕ್ಕೆ ಕಾರ್ಡು ಬರೆದು "ನಿಮ್ಮ ಕಾರ್ಯಕ್ರಮ ಸರಿ ಇಲ್ಲ" ಎನ್ನುವ ಹಕ್ಕಿತ್ತು, ಅಪ್ಪಯ್ಯ ಬರೆಯುತ್ತಲೂ ಇದ್ದ. ದುಡ್ಡು ಕೊಡುವವರು ಬದಲಾದ ಮೇಲೆ ಕಾರ್ಡಿನ ವಿಳಾಸವೂ ಬದಲಾಗಬೇಕಿತ್ತು. ಯಾರಿಗೆ ಬರೆಯಬೇಕೆಂದು ಯಾರೂ ಹೇಳಲಿಲ್ಲ.

ನಮ್ಮೂರಿಗೆ ಟಿವಿ ಬಂದದ್ದು ಅದಾದ ಮೇಲೆ. ಮುರಿದ ಛತ್ರಿಯ ಕಡ್ಡಿಗಳಂಥ ಆಂಟೆನಾವನ್ನು ಉದ್ದ ಬಿದಿರಿಗೆ ಕಟ್ಟಿ ಹಂಚಿನ ಮಾಡಿನ ಪಕ್ಕ ನಿಲ್ಲಿಸಿದ್ದೆವು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾಗುವ ಹೊತ್ತಿಗೆ ಒಬ್ಬರು ಬಿದಿರು ತಿರುಗಿಸಬೇಕು, ಒಬ್ಬರು ಕಿಟಕಿಯಲ್ಲಿ ನಿಂತು ಕೂಗಬೇಕು. "ಬಂತಾ?" "ಇಲ್ಲೆ!" "ಈಗ?" "ಬಂತು, ಬಂತು… ಹೋತು!" ಸುತ್ತ ಗುಡ್ಡ, ಮಳೆಗಾಲದಲ್ಲಿ ಗಾಳಿ. ಪರದೆಯ ಮೇಲಿನ ದೇವರು ಅರ್ಧ ಹೊತ್ತು ಅಕ್ಕಿನುಚ್ಚಿನ ಹಿಂದೆ ಇರುತ್ತಿದ್ದ.

1990ರ ದಶಕದಲ್ಲಿ ಕೇಬಲ್ ಬಂತು, 1994ರಲ್ಲಿ ಉದಯ ಟಿವಿ ಬಂತು. ಕೇಬಲ್ ಹುಡುಗ ತಿಂಗಳಿಗೊಮ್ಮೆ ಬಂದು ದುಡ್ಡು ಒಯ್ಯತೊಡಗಿದ. ವರ್ಷದ ಲೈಸೆನ್ಸು ತೆಗೆದುಹಾಕಿದರು ಎಂದು ಹಿಗ್ಗಿದವರು ತಿಂಗಳ ಲೈಸೆನ್ಸಿಗೆ ಸದ್ದಿಲ್ಲದೆ ಒಗ್ಗಿಕೊಂಡರು. 2012ರಿಂದ 2017ರ ನಡುವೆ ನಾಲ್ಕು ಹಂತಗಳಲ್ಲಿ ಕೇಬಲ್ ಡಿಜಿಟಲ್ ಆಗಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ನಿಯಮ ಜಾರಿಯಾದಾಗ ನಮ್ಮ ಅತ್ತೆ, ವಯಸ್ಸು ಎಪ್ಪತ್ತು ದಾಟಿತ್ತು, ಚಾನೆಲ್ಲುಗಳ ಪಟ್ಟಿ ಹಿಡಿದು ನನ್ನ ಮುಂದೆ ಕೂತಿದ್ದು ಕಣ್ಣಿಗೆ ಕಟ್ಟಿದಂತಿದೆ. ನೂರು ಚಾನೆಲ್ಲಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಅವಳಿಗೆ ಬೇಕಾದ ಧಾರಾವಾಹಿಯ ಚಾನೆಲ್ಲಿಗೆ ಬೇರೆ ದರ. "ತಮಾ, ಯಂಗೆ ಬೇಕಾಗಿದ್ದು ಮೂರು. ನೂರು ಎಂತಕ್ಕೆ?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಅವಳ ಮನೆಯ ಮಾಡಿನ ಮೇಲೆ ಈಗ ಡಿಡಿ ಫ್ರೀ ಡಿಶ್ ಇದೆ. ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. 2004ರಲ್ಲಿ ಶುರುವಾದ ಇದು ದೇಶದ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬ ಅಂದಾಜಿದೆ. ಉಪಗ್ರಹ ಇರುವುದು ನಮಗೆ ಆಗ್ನೇಯದಲ್ಲಿ, ಸಾಕಷ್ಟು ಎತ್ತರದಲ್ಲಿ. ಹಾಗಾಗಿ ಗುಡ್ಡ ಅಡ್ಡ ಬರುವುದಿಲ್ಲ, ಬಿದಿರು ತಿರುಗಿಸುವ ಕೆಲಸವಿಲ್ಲ. ಇದು ನಿಜವಾಗಿಯೂ ಒಳ್ಳೆಯ ವ್ಯವಸ್ಥೆ. ಆದರೆ ಇದನ್ನೂ ಯಾರೋ ಭರಿಸುತ್ತಿದ್ದಾರೆ. ಖಾಸಗಿ ಚಾನೆಲ್ಲುಗಳು ಇದರಲ್ಲಿ ಜಾಗ ಹಿಡಿಯಲು ಹರಾಜಿನಲ್ಲಿ ಕೋಟಿಗಟ್ಟಲೆ ಕೂಗುತ್ತವೆ, ಆ ಹಣ ಜಾಹೀರಾತಿನಿಂದ ಬರಬೇಕು. ದುಡ್ಡು ಕೊಟ್ಟು ನೋಡುವವರು ಇತ್ತ ವಾಲುತ್ತಾರೆಂಬ ಭಯಕ್ಕೆ 2022ರಲ್ಲಿ ದೊಡ್ಡ ಹಿಂದಿ ಚಾನೆಲ್ ಕಂಪನಿಗಳು ತಮ್ಮ ಕೆಲವು ಚಾನೆಲ್ಲುಗಳನ್ನು ಫ್ರೀ ಡಿಶ್‌ನಿಂದ ಎತ್ತಿಕೊಂಡು ಹೋದವು. ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಯ ಸಿಬ್ಬಂದಿಯ ಸಂಬಳಕ್ಕೆ ಬರುವ ಅನುದಾನವೂ ನಮ್ಮದೇ ತೆರಿಗೆ.

ಜಾಹೀರಾತುದಾರ ದುಡ್ಡು ಕೊಡುವಾಗ ಅವನಿಗೆ ಬೇಕಾದದ್ದು ತಲೆಲೆಕ್ಕ. ಆ ಲೆಕ್ಕಕ್ಕೆ ಇಡೀ ದೇಶದಲ್ಲಿ ಆಯ್ದ ಮನೆಗಳಲ್ಲಿ ಮಾತ್ರ ಮೀಟರ್ ಇಟ್ಟಿದ್ದಾರೆ. ನಮ್ಮ ಜಿಲ್ಲೆ 10 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ಜನ 2011ರ ಗಣತಿಯಲ್ಲಿ ಹದಿನಾಲ್ಕೂವರೆ ಲಕ್ಷ ಮುಟ್ಟಿರಲಿಲ್ಲ. ಉಳಿದದ್ದು ಹೆಚ್ಚಾಗಿ ಕಾಡು. ಇಲ್ಲಿಗೆಂದೇ ಒಂದು ಗಂಟೆ ಖರ್ಚು ಮಾಡುವ ಖಾಸಗಿ ಚಾನೆಲ್ ಯಾಕೆ ಇರುತ್ತದೆ? 2024ರ ಜುಲೈ 16ರಂದು ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಕ್ಯಾಮೆರಾಗಳು ಬಂದವು. ಕೇರಳದ ಲಾರಿ ಚಾಲಕ ಸಿಕ್ಕಿಬಿದ್ದಿದ್ದರಿಂದ ಮಲಯಾಳಂ ಚಾನೆಲ್ಲುಗಳವರು ವಾರಗಟ್ಟಲೆ ಗಂಗಾವಳಿ ದಂಡೆಯಲ್ಲಿ ನಿಂತರು. ನದಿಯ ಆಚೆ ದಡದ ಉಳುವರೆಯಲ್ಲಿ ನೀರು ಉಕ್ಕಿ ಮನೆಗಳು ಕೊಚ್ಚಿಹೋಗಿದ್ದವು. ಅಲ್ಲಿಯವರ ಮಾತು ಕೇಳಲು ಅಷ್ಟು ದಿನ ಯಾರೂ ನಿಲ್ಲಲಿಲ್ಲ.

ವರ್ಷಪೂರ್ತಿ ನಿಲ್ಲುವುದಕ್ಕೆ ಕಾರವಾರದ ಆಕಾಶವಾಣಿ ಇದೆ. ಕಡಲಿಗೆ ಇಳಿಯಬೇಡಿ ಎನ್ನುವ ಮುನ್ನೆಚ್ಚರಿಕೆ ಮೀನುಗಾರರ ಮನೆಗೆ ತಲುಪಿಸುವುದರಿಂದ ಯಾವ ಲಾಭವೂ ಬರುವುದಿಲ್ಲ, ಹಾಗಾಗಿ ಅದನ್ನು ಮಾಡುವವರು ಸಾರ್ವಜನಿಕ ದುಡ್ಡಿನವರೇ ಆಗಬೇಕು. ಇಂಥ ಕೇಂದ್ರಗಳಿಗೆ ಜನ, ಹಣ, ಸ್ಥಳೀಯ ಕಾರ್ಯಕ್ರಮದ ಸಮಯ ಎಲ್ಲವೂ ಸಿಗಬೇಕೆಂದು ನಾನು ಬಯಸುತ್ತೇನೆ. ಅದಕ್ಕಾಗಿ ವರ್ಷಕ್ಕೊಮ್ಮೆ ನೇರವಾಗಿ, ರಸೀದಿ ಪಡೆದು, ದುಡ್ಡು ಕಟ್ಟಲು ಸಿದ್ಧನಿದ್ದೇನೆ. ಕಟ್ಟಲಾಗದವರನ್ನು ಬಿಟ್ಟು ಉಳಿದವರಿಂದ ಪಡೆಯಲಿ. ಆ ಹಣ ಯಾವ ಕೇಂದ್ರಕ್ಕೆ ಹೋಯಿತು, ಅದರಿಂದ ಎಷ್ಟು ಗಂಟೆಯ ಕಾರ್ಯಕ್ರಮ ಬಂತು ಎಂಬ ಲೆಕ್ಕ ಪಂಚಾಯಿತಿ ಗೋಡೆಯ ಮೇಲೆ ಅಂಟಿಸಲಿ.

ಹೋದ ವಾರ ಅಪ್ಪಯ್ಯನ ಪುಸ್ತಕವನ್ನು ಅತ್ತೆಗೆ ತೋರಿಸಿದೆ. ರೇಡಿಯೊಗೆ ಹದಿನೈದು, ಟಿವಿಗೆ ಐವತ್ತು ಇತ್ತಂತೆ ಎಂದೆ. ಕನ್ನಡಕ ಏರಿಸಿಕೊಂಡು ಸ್ಟ್ಯಾಂಪುಗಳನ್ನು ಒಂದೊಂದಾಗಿ ನೋಡಿದಳು.

"ವರ್ಷಕ್ಕೆ ಐವತ್ತಾ? ತಿಂಗ್ಳಿಗಲ್ದಾ?"

"ವರ್ಷಕ್ಕೇ."

"ಹಂಗಾರೆ ಕೊಡು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಕೊಟ್ರೆ ತಾಳಮದ್ದಳೆ ಬತ್ತಾ?"